ಚುಕ್ಕೆ ಇಲ್ಲದ ಮಾತ್ರೆ

ಎಂಟು ಬಾಟಲಿಗಳಿದ್ದವು ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಆದರೆ ಫೈಲಿನಲ್ಲಿ ಏಳರ ಹೆಸರು ಮಾತ್ರ ಇದೆ, ಅಕ್ಷರವೂ ನನ್ನದೇ. ಎಂಟನೆಯದನ್ನು ಎಲ್ಲಿಂದ ತಂದೆ? ನನ್ನ ನೆನಪಿನಲ್ಲಿ ಬೇರೆ ಯಾರದೋ ಚೀಲದಿಂದ ಬಂದು ಈ ಹೋಟೆಲಿನವರ ಚೀಲದೊಳಗೆ ಸೇರಿಕೊಂಡಿರಬಹುದು. ಬಲ್ಮಠದ ಈ ಕ್ಲಿನಿಕ್ಕಿನಲ್ಲಿ ಆಹಾರ ತಜ್ಞೆಯಾಗಿ ಕೂತ ಮೇಲೆ ನನ್ನ ಮೇಜಿನ ಮೇಲೆ ಎಷ್ಟೋ ಚೀಲಗಳು ಬರಿದಾಗಿವೆ. ಮೊದಲ ಸಲ ಬರುವವರಿಗೆ ಫೋನಿನಲ್ಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ಏನೇನು ನುಂಗುತ್ತೀರೋ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ. ಗಲ್ಫಿನಲ್ಲಿ ಒಬ್ಬರಾದರೂ ಇರುವ ಮನೆಯಾದರೆ ಚೀಲ ಭಾರವಾಗಿರುತ್ತದೆ. ಚಾಕಲೇಟು, ಸೆಂಟುಗಳ ಜೊತೆಗೆ ಈಗ ವಿಟಮಿನ್ನೂ ಬರುತ್ತದೆ. ಯಾರಿಗೆ ಯಾವುದು ಬೇಕು ಎಂದು ಯಾರೂ ಕೇಳುವುದಿಲ್ಲ, ಹಂಚಿಕೊಳ್ಳುತ್ತಾರೆ.

ಏಳೋ ಎಂಟೋ. ಅದನ್ನು ಬಿಡುತ್ತೇನೆ. ನೆನಪಿನ ಮೇಲೆ ಭಾರ ಹಾಕಬಾರದು ಎಂದು ನನಗೆ ನನ್ನ ಕೆಲಸವೇ ಕಲಿಸಿದೆ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ ಎಂದು ಜನರನ್ನು ಕೇಳಿ ಬರೆದುಕೊಳ್ಳುವುದು ನನ್ನ ಮುಖ್ಯ ಸಾಧನ. ಅಷ್ಟು ನಂಬಿಕೆಗೆ ಅರ್ಹವಲ್ಲದ ಸಾಧನ ಬೇರೊಂದಿಲ್ಲ.

ಆ ಚೀಲ ತಂದವರು ಬಂದರಿನ ಹತ್ತಿರ ಮೀನೂಟದ ಹೋಟೆಲು ನಡೆಸುವವರು. ಐವತ್ತೈದು ದಾಟಿದೆ. ಸಕ್ಕರೆ ಕಾಯಿಲೆಗೆ ಹತ್ತು ವರ್ಷಕ್ಕೂ ಮೇಲಿನಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರು. ಜೊತೆಗೆ ಅವರ ಅಕ್ಕ. ಎರಡು ವರ್ಷದ ಹಿಂದೆ ಇವರ ಸೋದರಮಾವ ತೀರಿಕೊಂಡರು. ಉಳ್ಳಾಲದಿಂದ ಆಚೆ ಇರುವ ಅವರ ಗುತ್ತಿನ ಮನೆಯ ಗಡಿ, ಅಂದರೆ ದೈವದ ಮುಂದೆ ಇಡೀ ಕುಟುಂಬದ ಪರವಾಗಿ ನಿಲ್ಲುವ ಹೊಣೆ, ಆಗ ಮಾವನಿಂದ ಈ ಅಳಿಯನಿಗೆ ಬಂತು. ಗಡಿ ಹಿಡಿದವರು ಮೀನು, ಮಾಂಸ, ಮೊಟ್ಟೆ ಮುಟ್ಟುವಂತಿಲ್ಲ, ಜೀವ ಇರುವವರೆಗೆ. ಅವರ ಮನೆಯ ಕಟ್ಟು ಅದು. ಹಾಗಾಗಿ ಊರಿಗೆಲ್ಲ ಬಂಗುಡೆ, ಕಾಣೆ ಬಡಿಸುವ ಮನುಷ್ಯ ತಾನು ಮಾತ್ರ ಮೂಲೆಯ ಮೇಜಿನಲ್ಲಿ ಕೂತು ಸೌತೆಕಾಯಿ ಹುಳಿಯಲ್ಲಿ ಉಣ್ಣುತ್ತಿದ್ದರು. ಕಟ್ಟು ಕಾಯುವ ಕೆಲಸ ಅಕ್ಕನದು.

ನಿನ್ನೆಯ ಊಟ ಕೇಳಿದೆ. ಇದು ಮಾತ್ರ ಸರಿಯಾಗಿ ನೆನಪಿದೆ ಅನಿಸುತ್ತದೆ.

“ಬೆಳಿಗ್ಗೆ ಎದ್ದು?”

“ಚಾ.”

“ಹಾಲು ಹಾಕಿದ್ದಾ?”

“ಬಣ್ಣಕ್ಕೆ ಮಾತ್ರ. ಹಾಲು ನನಗೆ ಸಣ್ಣದರಿಂದಲೇ ಆಗುದಿಲ್ಲ ಮೇಡಂ.”

“ಸಾಯಂಕಾಲ?”

“ಸಾಯಂಕಾಲ ಎಂತದೂ ಇಲ್ಲ.”

ಅಕ್ಕ ತಿರುಗಿದರು. “ಎಂತದೂ ಇಲ್ಲವಾ? ಹಾಗಾದ್ರೆ ಆ ಗೋಳಿಬಜೆ ತಿಂದದ್ದು ಯಾರು, ಕಾಗೆಯಾ?”

“ಅದು ಎರಡು, ಅಕ್ಕ.”

“ಎರಡಲ್ಲ, ಒಂದು ಪ್ಲೇಟು. ಬರೀರಿ ಮೇಡಂ, ಒಂದು ಪ್ಲೇಟು.”

ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದೆ. ಕೂದಲಿಗೆಂದು ಅಂಟುಮಿಠಾಯಿಯಂಥದ್ದು, ಬೆಳ್ಳುಳ್ಳಿ ಎಣ್ಣೆ, ಕ್ಯಾಲ್ಸಿಯಂ, ಪ್ರೋಟೀನ್ ಪುಡಿ, ಒಂದು ಮಲ್ಟಿವಿಟಮಿನ್, ಹೀಗೆ. ಮೀನೆಣ್ಣೆಯ ಬಾಟಲಿಯನ್ನು ಅಕ್ಕ ಮೊದಲೇ ಬೆರಳ ತುದಿಯಿಂದ ಬದಿಗೆ ಸರಿಸಿದ್ದರು. ಅದರ ಬದಲಿಗೆ ಪಾಚಿಯಿಂದ ತೆಗೆದದ್ದೂ ಸಿಗುತ್ತದೆ ಎಂದು ಯಾವ ಅಗತ್ಯವೂ ಇಲ್ಲದೆ ಹೇಳಿದೆ.

“ಮೀನು ತಿನ್ನುವ ಪಾಚಿಯನ್ನು ಇವ ತಿನ್ನುದಾ? ಒಳ್ಳೆ ಕಥೆ,” ಎಂದರು ಅಕ್ಕ.

ಆಮೇಲೆ ನಾನು ಒಂದು ವಾಕ್ಯ ಹೇಳಿದೆ. ಎಷ್ಟೋ ಜನರಿಗೆ ಹೇಳಿ ಹೇಳಿ ನುಣ್ಣಗಾದ ವಾಕ್ಯ: ಇದೊಂದೂ ಬೇಡ, ತಟ್ಟೆಯಲ್ಲಿ ಇರಬೇಕಾದದ್ದು ಇದ್ದರೆ ಸಾಕು. ಕುಚ್ಚಲಕ್ಕಿ ಗಂಜಿ ಅಳತೆಯಲ್ಲಿ, ಹೆಸರುಕಾಳು, ಹುರುಳಿ, ದಿನಾ ಒಂದು ಸೊಪ್ಪು, ಬಸಳೆಯಾಗಲಿ ಹರಿವೆಯಾಗಲಿ ನುಗ್ಗೆಯಾಗಲಿ, ಸ್ವಲ್ಪ ಎಳ್ಳು, ಮಜ್ಜಿಗೆ. ಅವರ ಮುಖ ಅರಳಿತು. ಬಾಟಲಿಗಳಿಂದ ಬಿಡುಗಡೆ ಸಿಕ್ಕಿದವರ ಮುಖ ನೋಡುವುದು ನನಗೆ ಇಷ್ಟ. ಆ ಇಷ್ಟವೂ ಆ ದಿನ ಮೇಜಿನ ಮೇಲಿತ್ತು ಎಂದು ಈಗ ಬರೆಯಬೇಕು.

ಮಲ್ಟಿವಿಟಮಿನ್ ಒಂದನ್ನು ಮುಂದುವರಿಸಿ ಎಂದು ಹೇಳಿದ್ದೆ ಎಂಬುದು ನನ್ನ ನೆನಪು. ಫೈಲಿನಲ್ಲಿ ‘ಎಲ್ಲ ನಿಲ್ಲಿಸಿದೆ’ ಎಂದಿದೆ. ಮುಂದಿನ ಸಲ ಬಿ ಟ್ವೆಲ್ವ್ ಪರೀಕ್ಷೆ ಮಾಡಿಸೋಣ ಎಂದು ಯೋಚಿಸಿದ್ದೂ ನೆನಪಿದೆ, ಅದಕ್ಕೂ ಫೈಲಿನಲ್ಲಿ ಗುರುತಿಲ್ಲ. ಯೋಚಿಸಿದ್ದಿರಬೇಕು ಎಂದು ಆಮೇಲೆ ಆಸೆಪಟ್ಟದ್ದೇ ನೆನಪಿನ ಬಟ್ಟೆ ತೊಟ್ಟು ಬಂದಿರಬಹುದು.

ಆ ವಿಟಮಿನ್ ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ. ಮೀನು, ಮಾಂಸ, ಮೊಟ್ಟೆ, ಹಾಲಿನಲ್ಲಿ ಮಾತ್ರ ಇದೆ, ಒಂದು ಲೋಟ ಮಜ್ಜಿಗೆಯಲ್ಲಿರುವುದು ಸಾಲದು. ಮೆಟ್‌ಫಾರ್ಮಿನ್ ಅದನ್ನು ಕರುಳು ಹೀರದಂತೆ ನಿಧಾನವಾಗಿ ತಡೆಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ.

ನಾಲ್ಕು ತಿಂಗಳು ಎಲ್ಲ ಚೆನ್ನಾಗಿತ್ತು. ತೂಕ ಇಳಿಯಿತು, ಸಕ್ಕರೆ ಹಿಡಿತಕ್ಕೆ ಬಂತು, ಹಿಮೋಗ್ಲೋಬಿನ್ ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೆ ನಾನು ಬರೆದುಕೊಟ್ಟ ಸೊಪ್ಪೇ ಕಾರಣ. ಅದರಲ್ಲಿನ ಫೋಲೇಟ್ ರಕ್ತವನ್ನು ಸರಿಯಾಗಿ ತೋರಿಸುತ್ತಿತ್ತು, ಬಿ ಟ್ವೆಲ್ವ್ ಸಿಗದ ನರಗಳು ಒಳಗೊಳಗೇ ಸೊರಗುತ್ತಿದ್ದವು. ವರದಿ ನೋಡಿ ನಾನು ಖುಷಿಪಟ್ಟೆ.

ಒಂದು ಬೆಳಿಗ್ಗೆ ಅಕ್ಕ ಅವರನ್ನು ಎಳೆದುಕೊಂಡು ಬಂದರು. ಅಪಾಯಿಂಟ್‌ಮೆಂಟು ಇರಲಿಲ್ಲ.

“ಇವನ ಕಾಲು ನೋಡಿ ಮೇಡಂ. ಕಾದ ಎಣ್ಣೆ ಬಿದ್ದು ಪಾದದಲ್ಲಿ ಬೊಬ್ಬೆ ಎದ್ದುಂಟು. ನಾನು ನೋಡಿ ಹೇಳಿದ ಮೇಲೆ ಇವನಿಗೆ ಗೊತ್ತಾದದ್ದು.”

“ಹತ್ತಿಯ ಮೇಲೆ ನಡೆದ ಹಾಗೆ ಆಗ್ತದೆ,” ಎಂದರು ಅವರು, ತಪ್ಪು ಒಪ್ಪಿಕೊಳ್ಳುವವರಂತೆ. “ಎರಡು ಮೂರು ತಿಂಗಳಾಯ್ತು. ತೂಕ ಇಳಿದದ್ದಕ್ಕೆ ಅಂತ ಗ್ರಹಿಸಿದೆ.”

ನಮ್ಮ ಕ್ಲಿನಿಕ್ಕಿನ ಫಿಸಿಶಿಯನ್ ಹತ್ತಿರ ಕಳಿಸಿದೆ. ರಕ್ತದಲ್ಲಿ ಬಿ ಟ್ವೆಲ್ವ್ ತೀರಾ ಕಡಿಮೆ ಇತ್ತು. ಡಾಕ್ಟರು ನನ್ನ ಕೋಣೆಗೆ ಬಂದು, “ಇವರಿಗೆ ಸಪ್ಲಿಮೆಂಟ್ ಎಂತದಾದ್ರೂ ಹೋಗ್ತಾ ಇತ್ತಾ?” ಎಂದು ಕೇಳಿದರು. ಇಲ್ಲ, ನಾನೇ ನಿಲ್ಲಿಸಿದೆ ಎಂದೆ. ಅವರು ಇಂಜೆಕ್ಷನ್ನಿನ ಚೀಟಿ ಬರೆಯತೊಡಗಿದರು. ಬೈದಿದ್ದರೆ ಆ ದಿನ ಬೇಗ ಮುಗಿಯುತ್ತಿತ್ತು.

ಮೊದಲು ಇಂಜೆಕ್ಷನ್ನುಗಳಾದವು, ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು. ನಂತರ ಹೆಚ್ಚಿನ ಪ್ರಮಾಣದ ಮಾತ್ರೆ ದಿನಾ ಸಾಕು ಎಂದರು ಡಾಕ್ಟರು. ಚೀಟಿಯಲ್ಲಿ ಔಷಧದ ಹೆಸರು, ಪ್ರಮಾಣ ಮಾತ್ರ ಬರೆದು, ಯಾವ ಕಂಪನಿಯದ್ದು ಎಂದು ನೀವೇ ನೋಡಿ ಕೊಡಿ ಎಂದು ನನಗೆ ಬಿಟ್ಟರು. ಆಗ ನಾನು ಬಹಳ ಎಚ್ಚರದಲ್ಲಿದ್ದೆ. ಕೆಳಗಿನ ಔಷಧಿ ಅಂಗಡಿಯಲ್ಲಿ ಮೂರು ಬಗೆ ಇಟ್ಟುಕೊಂಡು ನೋಡಿದೆ. ಒಂದರಲ್ಲಿ ಬೇಡದ ಒಂಬತ್ತು ವಸ್ತುಗಳು. ಇನ್ನೊಂದು ಬಾಯಲ್ಲಿ ಕರಗುವಂಥದ್ದು, ಅದಕ್ಕೆ ಸಿಹಿ ಸೇರಿಸಿದ್ದರು. ಮೂರನೆಯದರಲ್ಲಿ ಬಿ ಟ್ವೆಲ್ವ್ ಒಂದೇ, ಬೇರೇನೂ ಇಲ್ಲ, ಕೆಂಪಗೆ ಮೆತ್ತಗಿನ ಕ್ಯಾಪ್ಸೂಲು. ಅದನ್ನು ಆರಿಸಿದೆ. ಒಳಗಿರುವುದನ್ನು ಎರಡು ಸಲ ಓದಿದೆ. ಹೊರಗಿನ ಸಿಪ್ಪೆ ಯಾವುದರದ್ದು ಎಂದು ಓದಲಿಲ್ಲ.

ಅಕ್ಕ ಕನ್ನಡಕ ಹಾಕಿಕೊಂಡು ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಿಸ್ಕತ್ತಿನಿಂದ ಹಿಡಿದು ಪ್ರೋಟೀನ್ ಪುಡಿಯವರೆಗೆ ಎಲ್ಲದರಲ್ಲೂ ಅವರು ಸಸ್ಯಾಹಾರದ ಹಸಿರು ಚುಕ್ಕೆ ಹುಡುಕುತ್ತಿದ್ದರು.

“ಇದರಲ್ಲಿ ಚುಕ್ಕೆಯೇ ಇಲ್ವಲ್ಲ ಮೇಡಂ. ಹಸಿರೂ ಇಲ್ಲ, ಕಂದೂ ಇಲ್ಲ.”

“ಮದ್ದಿಗೆ ಚುಕ್ಕೆ ಇರುವುದಿಲ್ಲ. ಆಹಾರದ ಪಟ್ಟಿಗೆ ಸೇರಿದ್ದಕ್ಕೆ ಮಾತ್ರ.”

“ಹಾಗಾ? ಹಾಗಾದ್ರೆ ಆದೀತು.”

ಹೊರಗೆ ಏಳೆಂಟು ಜನ ಕಾಯುತ್ತಿದ್ದರು. ಹೌದೇ? ಕಾಯುತ್ತಿದ್ದರು ಎಂದು ಬರೆದುಕೊಂಡರೆ ನನಗೆ ಅನುಕೂಲ. ಯಾರೂ ಇರಲಿಲ್ಲವೇನೋ.

ಏಪ್ರಿಲ್ಲಿನ ಸೆಕೆ. ಅವರು ಫೋನ್ ಮಾಡಿದರು. ಅಕ್ಕ ವಾರದ ಮಾತ್ರೆಗಳನ್ನು ಬಿಡಿಸಿ ಸ್ಟೀಲಿನ ಡಬ್ಬಿಗೆ ಹಾಕಿಡುತ್ತಾರಂತೆ, ಅವೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ.

“ಬೆಲ್ಲದ ಮುದ್ದೆಯ ಹಾಗೆ ಆಗಿದೆ ಮೇಡಂ. ಎಂತ ಮಾಡುದು?”

“ಬಿಸಾಡಿ, ಹೊಸತು ತೆಗೊಳ್ಳಿ. ಪಟ್ಟಿಯಲ್ಲೇ ಇರಲಿ, ಬಿಡಿಸಬೇಡಿ. ಜೆಲಟಿನ್ ಅಲ್ವಾ, ಈ ಸೆಕೆಗೆ ಹಾಗೇ.”

ಅವರು ಸರಿ ಎಂದು ಇಟ್ಟರು. ನಾನೂ ಮುಂದಿನವರನ್ನು ಕರೆದೆ. ಮುಂದಿನವರು ತಮ್ಮ ಮಲಬದ್ಧತೆಯ ಬಗ್ಗೆ ಹೇಳುತ್ತಿರುವಾಗ ನಾನೇ ಆಡಿದ ಪದ ನನ್ನ ಕಿವಿಗೆ ಬಿತ್ತು. ಕೆಳಗೆ ಹೋಗಿ ಪೆಟ್ಟಿಗೆ ತೆಗೆಸಿ ನೋಡಿದೆ. ಅಂಚಿನಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಹೊರಕವಚ ಜೆಲಟಿನ್ ಎಂದು ಬರೆದಿತ್ತು. ಎಲುಬು, ಚರ್ಮ ಬೇಯಿಸಿ ತೆಗೆಯುವ ಅಂಟು. ಯಾವ ಪ್ರಾಣಿಯದ್ದು ಎಂದಿರಲಿಲ್ಲ. ಅವರು ಅದನ್ನು ನುಂಗಲು ಶುರುಮಾಡಿ ಏಳು ವಾರಗಳಾಗಿದ್ದವು. ಅವರ ಮನೆಯ ದೈವದ ನೇಮಕ್ಕೆ, ಗಡಿ ಹಿಡಿದವರು ದೈವದ ಎದುರು ನಿಲ್ಲಬೇಕಾದ ವರ್ಷದ ಕೋಲಕ್ಕೆ, ಹನ್ನೊಂದು ದಿನ ಉಳಿದಿತ್ತು.

ಒಂದು ದಾರಿ ಬಹಳ ಸುಲಭವಾಗಿತ್ತು. ಇದು ಸೆಕೆಗೆ ಅಂಟುತ್ತದೆ, ಅದಕ್ಕೆ ಬೇರೆ ಕೊಡುತ್ತೇನೆ ಎಂದು ಹೇಳಿ ಸಸ್ಯದ ಕವಚದ ಮಾತ್ರೆಗೆ ಬದಲಿಸಿಬಿಡುವುದು. ಆ ಮಾತು ಸುಳ್ಳೂ ಆಗುವುದಿಲ್ಲ. ಚೀಟಿಯನ್ನು ಬರೆದೂ ಬಿಟ್ಟೆ. ಹೇಳಿದರೆ ಏನಾಗುತ್ತದೆ ಎಂದೂ ಯೋಚಿಸಿದೆ. ಅವರು ಎಲ್ಲವನ್ನೂ ನಿಲ್ಲಿಸಿಬಿಟ್ಟರೆ? ನರ ಒಂದು ಹಂತ ದಾಟಿದರೆ ತಿರುಗಿ ಬರುವುದಿಲ್ಲ. ನನ್ನ ಪ್ರಾಮಾಣಿಕತೆಗೆ ಅವರು ಪಾದದ ಬೆಲೆ ಕೊಡಬೇಕೆ? ಚೀಟಿ ಎರಡು ದಿನ ನನ್ನ ಡ್ರಾಯರಿನಲ್ಲಿತ್ತು.

ಹೇಳುವುದೆಂದು ಯಾಕೆ ತೀರ್ಮಾನಿಸಿದೆ? ಒಂದು ಕಾರಣ ಸಿದ್ಧವಾಗಿದೆ: ತಮ್ಮ ಬಾಯಿಗೆ ಏನು ಹೋಗುತ್ತದೆ ಎಂದು ತಿಳಿಯುವ ಹಕ್ಕು ಅವರದು. ಸಹೋದ್ಯೋಗಿಗಳಿಗೆ ಹಾಗೆಯೇ ಹೇಳಿದ್ದೇನೆ. ನಿಜವಾದ ಕಾರಣ ಇಷ್ಟೇ ಇದ್ದಿರಬಹುದು: ಅಕ್ಕ ಕೇಳಿದ್ದರು, ನಾನು ಉತ್ತರಿಸಿದ ರೀತಿಗೆ ನನಗೇ ಹೇಸಿಗೆಯಾಗಿತ್ತು.

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಹೋಟೆಲಿಗೆ ಹೋದೆ. ನೆಲ ಒರೆಸಿ ಆಗಿತ್ತು, ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದರು. ಅವರು ಅಡುಗೆಮನೆಯಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ಕೂತರು.

ನಾನು ಹೇಳಿದೆ. ಕ್ಯಾಪ್ಸೂಲಿನ ಸಿಪ್ಪೆ ಯಾವುದರಿಂದ ಮಾಡುತ್ತಾರೆ, ಎಷ್ಟು ದಿನ ನುಂಗಿದ್ದೀರಿ, ಆರಿಸಿದ್ದು ನಾನೇ.

“ಯಾವುದರ ಎಲುಬು?”

“ಬರೆದಿಲ್ಲ.”

ಅವರು ಮೇಜಿನ ಮೇಲಿದ್ದ ಒಂದು ಬಾಳೆಲೆ ಚೂರನ್ನು ಎಳೆ ಎಳೆಯಾಗಿ ಸೀಳಿದರು.

“ನೀವು ಹೇಳದಿದ್ರೆ ನನಗೆ ಗೊತ್ತಾಗ್ತಿತ್ತಾ?”

“ಇಲ್ಲ.”

“ಮತ್ತೆ ಯಾಕೆ ಹೇಳಿದ್ದು ಮಾರಾಯ್ರೆ?”

ಉತ್ತರಕ್ಕೆ ಕಾಯದೆ ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

“ಈಗ ನೀವು ಹೇಳಿದ್ರಿ ಅಂತ ನಾನೂ ಒಂದು ಹೇಳ್ತೇನೆ. ದಿನಾ ಬೆಳಿಗ್ಗೆ ಮೀನಿನ ಪುಳಿಮುಂಚಿಯ ರುಚಿ ನೋಡ್ತೇನೆ. ನಾಲಿಗೆಗೆ ಹಚ್ಚಿ ಉಗುಳುದು. ಇಪ್ಪತ್ತೈದು ವರ್ಷದ ಕೈ, ಬೇರೆಯವರ ನಾಲಿಗೆ ನಂಬಿದ್ರೆ ಹೋಟೆಲಿಗೆ ಜನ ಬರುದಿಲ್ಲ. ಬಾಯಿ ತೊಳೀತೇನೆ, ನುಂಗುದಿಲ್ಲ.”

“ನನ್ನ ಹತ್ತಿರ ಹೇಳಿರಲಿಲ್ಲ.”

“ನೀವು ತಿಂದದ್ದು ಎಂತ ಅಂತ ಕೇಳಿದ್ದು. ಉಗುಳಿದ್ದು ಎಂತ ಅಂತ ಕೇಳ್ಲಿಲ್ಲ.”

ಅವರು ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ. ಆಮೇಲೆ ಅವರ ಮುಖ ಮತ್ತೆ ಮುಚ್ಚಿಕೊಂಡಿತು.

“ಅದು ನಾನು ಗೊತ್ತಿದ್ದು ಮಾಡಿದ್ದು, ದೈವಕ್ಕೆ ನಾನೇ ಉತ್ತರ ಹೇಳ್ತೇನೆ. ಇದು ಹಾಗಲ್ಲ, ಏಳು ವಾರ ಹೊಟ್ಟೆಗೆ ಹೋಗಿದೆ. ಇದನ್ನು ಅಕ್ಕನಿಗೆ ಹೇಳದೆ ನಾನು ಅಲ್ಲಿ ನಿಲ್ಲುವ ಹಾಗಿಲ್ಲ. ಹೇಳಿದ್ರೆ ಅವಳು ಇಂಜೆಕ್ಷನ್ನೂ ಬೇಡ ಅಂತಾಳೆ, ನಿಮ್ಮ ಮಾತ್ರೆಯೂ ಬೇಡ ಅಂತಾಳೆ.”

“ಇಂಜೆಕ್ಷನ್ನಿನಲ್ಲಿ ಪ್ರಾಣಿಯದ್ದು ಏನೂ ಇಲ್ಲ. ಸೂಕ್ಷ್ಮಜೀವಿಗಳಿಂದ ತೆಗೆಯುವುದು, ಇಡ್ಲಿ ಹಿಟ್ಟು ಹುಳಿ ಬಂದ ಹಾಗೆ.”

“ನೀವು ಹೇಳ್ತೀರಿ,” ಎಂದರು ಅವರು. ಕೋಪದಿಂದಲ್ಲ. ಅದು ನಿಜವೇ ಆಗಿತ್ತು. ಇನ್ನು ಮೇಲೆ ನಾನು ಹೇಳುತ್ತೇನೆ, ಅಷ್ಟೆ, ನಂಬುವುದು ಅವರಿಗೆ ಬಿಟ್ಟದ್ದು.

ಎರಡು ದಿನದ ನಂತರ ಅಕ್ಕ ಒಬ್ಬರೇ ಬಂದರು. ಚೀಲ ಇರಲಿಲ್ಲ. ಕುರ್ಚಿಯನ್ನು ಮೇಜಿನಿಂದ ಸ್ವಲ್ಪ ದೂರ ಸರಿಸಿ ಕೂತರು.

“ನಾನು ನಿಮ್ಮ ಹತ್ರ ಕೇಳಿದ್ದೆ.”

“ಹೌದು.”

“ಮದ್ದಿಗೆ ಚುಕ್ಕೆ ಇರುದಿಲ್ಲ ಅಂತ ಹೇಳಿದ್ರಿ. ಅದು ಸುಳ್ಳಲ್ಲ.”

“ಅಲ್ಲ.”

“ಆದ್ರೆ ನಾನು ಕೇಳಿದ್ದಕ್ಕೆ ಉತ್ತರವೂ ಅಲ್ಲ.”

ನಾನು ತಪ್ಪಾಯಿತು ಎಂದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮನೆಯ ಹಿರಿಯರು ಸೇರಿ ಮಾತಾಡಿದ್ದರಂತೆ. ಅರಿಯದೆ ಆದದ್ದು, ಶುದ್ಧಕಲಶ ಮಾಡಿಸಿ ಸ್ನಾನ ಮಾಡಿದರೆ ದೋಷ ಹೋಗುತ್ತದೆ ಎಂದು ತೀರ್ಮಾನವಾಗಿತ್ತು. ನೇಮ ಮುಗಿಯುವವರೆಗೆ ಸೂಜಿಯೂ ಬೇಡ, ಮಾತ್ರೆಯೂ ಬೇಡ. ಆ ಏಳೆಂಟು ದಿನದ ಅಂತರದಿಂದ ದೊಡ್ಡ ಕೆಡುಕಾಗದು ಎಂದು ನಾನು ಒಪ್ಪಿದೆ. ಆದರೆ ಬೇರೊಂದು ಮಾತು ಎದ್ದಿತ್ತು. ಇಷ್ಟು ದಿನ ಕಾಲಿನ ವಿಷಯ ಅವರಿಬ್ಬರ ನಡುವೆ ಇತ್ತು. ಮಾತ್ರೆಯ ಕಥೆ ಹೇಳುವಾಗ ಅದೂ ಹೊರಗೆ ಬಂತು.

“ನೆಲ ಗೊತ್ತಾಗದವ ದೈವದ ಎದುರು ಬರಿಗಾಲಲ್ಲಿ ನಿಲ್ಲುದು ಹೇಗೆ ಅಂತ ಕೇಳ್ತಾರೆ. ಬಿದ್ರೆ ಅಪಶಕುನ. ಈ ಸಲ ನಮ್ಮ ತಂಗಿಯ ಮಗ ನಿಲ್ಲಲಿ ಅಂತ. ಒಮ್ಮೆ ಅವನು ನಿಂತರೆ ಮತ್ತೆ ಇವನನ್ನು ಯಾರು ಕರೀತಾರೆ?” ಅಕ್ಕನ ದನಿ ಮೊದಲ ಸಲ ಕೆಳಗಿಳಿಯಿತು. “ಇವ ಆ ಗಡಿಗೋಸ್ಕರ ಎರಡು ವರ್ಷ ಎದುರಿಗಿದ್ದ ಮೀನು ಬಿಟ್ಟು ಕೂತಿದ್ದಾನೆ. ಡಾಕ್ಟ್ರು ಕಾಲು ನೋಡಿ ಅಡ್ಡಿಯಿಲ್ಲ ಅಂತ ಹೇಳಿದ್ರೆ ಹಿರಿಯರು ಸುಮ್ಮನಾಗ್ತಾರೆ.”

ಮರುದಿನ ಪರೀಕ್ಷೆಯಾಯಿತು. ನಾನೂ ಕೋಣೆಯಲ್ಲಿದ್ದೆ, ಇರಬೇಕೆಂದು ಅಕ್ಕನೇ ಹೇಳಿದ್ದರು. ಹೋಟೆಲಿನವರು ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದರು. ಡಾಕ್ಟರು ಟ್ಯೂನಿಂಗ್ ಫೋರ್ಕ್ ಎನ್ನುವ ಕಂಪಿಸುವ ಕವಲುಕಡ್ಡಿಯನ್ನು ಅಂಗೈಗೆ ಬಡಿದು ಹೆಬ್ಬೆರಳಿನ ಗಂಟಿಗೆ ಒತ್ತಿ ಹಿಡಿದರು.

“ನಡುಕ ಉಂಟಾ?”

“ಉಂಟು.”

“ಈಗ?”

“ಉಂಟು ಡಾಕ್ಟ್ರೆ. ಚೆನ್ನಾಗಿ ಉಂಟು.”

ಡಾಕ್ಟರು ಕಡ್ಡಿಯನ್ನು ಎತ್ತಿ, ಬೆರಳಿಂದ ಹಿಡಿದು ಪೂರ್ತಿ ನಿಲ್ಲಿಸಿ, ಅಲುಗದ ಕಡ್ಡಿಯನ್ನು ಅದೇ ಜಾಗಕ್ಕೆ ಇಟ್ಟರು. ಇದು ಈ ಪರೀಕ್ಷೆಯ ಕ್ರಮವೇ.

“ಈಗ?”

“ಉಂಟು,” ಎಂದರು ಅವರು, ಕಣ್ಣು ಮುಚ್ಚಿಕೊಂಡೇ.

ಡಾಕ್ಟರು ನನ್ನ ಕಡೆ ನೋಡಿದರು. ಅಕ್ಕ ತಮ್ಮನ ಪಾದವನ್ನೇ ನೋಡುತ್ತಿದ್ದರು, ಕಡ್ಡಿಯನ್ನಲ್ಲ. ಆಮೇಲೆ ಡಾಕ್ಟರು ಅವರನ್ನು ಎಬ್ಬಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿದರು. ಎರಡೂ ಪಾದ ಜೋಡಿಸಿ ಅವರು ನಿಂತರು. ಸ್ವಲ್ಪ ತೂಗಿದರು, ಬೀಳಲಿಲ್ಲ. ಡಾಕ್ಟರು ತುಸು ಹೊತ್ತು ಪೆನ್ನು ಹಿಡಿದು ಕೂತು, ಆಸರೆಯಿಲ್ಲದೆ ನಿಲ್ಲಬಲ್ಲರು ಎಂದು ಬರೆದರು. ಸ್ಪರ್ಶದ ಬಗ್ಗೆ ಬರೆಯಲಿಲ್ಲ. ನಾನೂ ಆ ಬಗ್ಗೆ ಬಾಯಿ ಬಿಡಲಿಲ್ಲ. ಹೋಟೆಲಿಗೆ ಹೋಗಿ ನಿಜ ಹೇಳಿ ಬಂದವಳು ಈ ಕೋಣೆಯಲ್ಲಿ ಸುಮ್ಮನಿದ್ದೆ.

ನೇಮ ನಡೆಯಿತು. ಅವರು ನಿಂತರಂತೆ, ಎಲ್ಲೂ ಎಡವಲಿಲ್ಲವಂತೆ. ಅಕ್ಕನೇ ಫೋನ್ ಮಾಡಿ ಹೇಳಿದ್ದು. ಮೂರನೇ ದಿನ ಅವರು ತಾವಾಗಿಯೇ ಬಂದು ತೋಳು ಕೊಟ್ಟು ಇಂಜೆಕ್ಷನ್ ಹಾಕಿಸಿಕೊಂಡರು. ಈಗ ಸಸ್ಯದ ಕವಚದ ಮಾತ್ರೆ ಹೋಗುತ್ತಿದೆ. ಅದರ ಪೆಟ್ಟಿಗೆಯನ್ನು ನಾನು ಒಳಗೂ ಹೊರಗೂ ಓದಿದ್ದೇನೆ, ಅಕ್ಕ ಇನ್ನೊಮ್ಮೆ ಓದಿದ್ದಾರೆ. ನರ ಕೆಟ್ಟದ್ದಕ್ಕೆ ನಾನು ನಿಲ್ಲಿಸಿದ ಮಲ್ಟಿವಿಟಮಿನ್ ಎಷ್ಟು ಕಾರಣ, ಹತ್ತು ವರ್ಷದ ಮೆಟ್‌ಫಾರ್ಮಿನ್ ಎಷ್ಟು, ಬಿಟ್ಟ ಮೀನು ಎಷ್ಟು, ಸಕ್ಕರೆ ಕಾಯಿಲೆಯೇ ಎಷ್ಟು ಎಂದು ಬಿಡಿಸಿ ಹೇಳಲು ಯಾರಿಗೂ ಆಗದು, ಡಾಕ್ಟರಿಗೂ ಆಗಲಿಲ್ಲ. ಕಾಲು ಹೇಗಿದೆ ಎಂದು ತಿಂಗಳಿಗೊಮ್ಮೆ ಕೇಳುತ್ತೇನೆ. ಈಗ ನೆಲ ಗೊತ್ತಾಗ್ತದೆ ಮೇಡಂ ಎನ್ನುತ್ತಾರೆ. ನಾನು ಬರೆದುಕೊಳ್ಳುತ್ತೇನೆ. ಅವರಿಗೆ ನಿಜವಾಗಿ ಗೊತ್ತಾಗುತ್ತದೆಯೇ ಎಂಬುದು ನನಗೆ ಗೊತ್ತಿಲ್ಲ.